ಕ್ರೈಸ್ತ ಪ್ರಾರ್ಥನೆ: ವಿಧಗಳು ಮತ್ತು ದೈನಂದಿನ ಸಾಧನೆ

ಯೇಸು ಕ್ರಿಸ್ತನ ಮೂಲಕ ದೇವರನ್ನು ತಂದೆಯೆಂದು ಕರೆದು ಸಲ್ಲಿಸುವ ಸ್ತುತಿ, ಕೃತಜ್ಞತೆ, ಪಾಪನಿವೇದನೆ, ಬೇಡಿಕೆ ಮತ್ತು ಮೌನಧ್ಯಾನಗಳನ್ನು ಒಟ್ಟಾಗಿ ಕ್ರೈಸ್ತ ಪ್ರಾರ್ಥನೆ ಎನ್ನುತ್ತಾರೆ. ದೇವಾಲಯದಲ್ಲಿ ಸಭೆ ಕೂಡಿ ನಡೆಸುವ ಆರಾಧನೆ ಅದರ ಒಂದು ಮುಖವಾದರೆ, ಮನೆಯಲ್ಲಿ, ಕೆಲಸದ ನಡುವೆ, ಮಲಗುವ ಮುನ್ನ ಒಬ್ಬರೇ ಅಥವಾ ಮನೆಮಂದಿಯೆಲ್ಲ ಸೇರಿ ಮಾಡುವ ಸಾಧನೆ ಇನ್ನೊಂದು ಮುಖ. ಇಲ್ಲಿ ಮುಖ್ಯವಾಗಿ ಎರಡನೆಯದನ್ನು ವಿವೇಚಿಸಲಾಗಿದೆ. ಪೌಲನು ಸುಮಾರು ಕ್ರಿ.ಶ. 50ರಲ್ಲಿ ಥೆಸಲೋನಿಕದ ಸಭೆಗೆ ಬರೆದ ಮೊದಲ ಪತ್ರದಲ್ಲಿ ಎಡೆಬಿಡದೆ ಪ್ರಾರ್ಥಿಸಬೇಕೆಂದು ಬೋಧಿಸಿದ್ದಾನೆ. ಉಣ್ಣಬೇಕಾದ, ದುಡಿಯಬೇಕಾದ, ನಿದ್ರಿಸಬೇಕಾದ ಮನುಷ್ಯ ಇದನ್ನು ಪಾಲಿಸುವುದು ಹೇಗೆ ಎಂಬ ಪ್ರಶ್ನೆ ಆ ಒಂದು ಮಾತಿನಿಂದ ಹುಟ್ಟಿತು. ಮುಂದೆ ರೂಪುಗೊಂಡ ಪದ್ಧತಿಗಳಲ್ಲಿ ಹಲವನ್ನು ಈ ಪ್ರಶ್ನೆಗೆ ಬೇರೆ ಬೇರೆ ಕಾಲದ ಜನ ಕಂಡುಕೊಂಡ ಉತ್ತರಗಳೆಂದು ನೋಡಿದಾಗ ಅವುಗಳ ನಡುವಿನ ಸಂಬಂಧ ಚೆನ್ನಾಗಿ ತಿಳಿಯುತ್ತದೆ.

ಆರಂಭದ ಕ್ರೈಸ್ತರು ಪ್ರಾರ್ಥನೆಯ ಹೊತ್ತುಗಳನ್ನು ಯೆಹೂದಿ ಸಂಪ್ರದಾಯದಿಂದ ಪಡೆದರು. ದಾನಿಯೇಲನು ದಿನಕ್ಕೆ ಮೂರು ಸಲ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದನೆಂದು ಹಳೆಯ ಒಡಂಬಡಿಕೆ ಹೇಳುತ್ತದೆ. ಪೇತ್ರ ಮತ್ತು ಯೋಹಾನರು ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನಾ ವೇಳೆಗೆ ದೇವಾಲಯಕ್ಕೆ ಹೋದ ಪ್ರಸಂಗ ಅಪೊಸ್ತಲರ ಕೃತ್ಯಗಳಲ್ಲಿ ಬರುತ್ತದೆ. ಯೇಸು ಶಿಷ್ಯರಿಗೆ ಕಲಿಸಿದ, ಕರ್ತನ ಪ್ರಾರ್ಥನೆಯೆಂದು ಹೆಸರಾದ ಚಿಕ್ಕ ಪ್ರಾರ್ಥನೆ ಮತ್ತಾಯನ ಸುವಾರ್ತೆಯಲ್ಲಿ ತುಸು ದೀರ್ಘವಾಗಿಯೂ ಲೂಕನಲ್ಲಿ ಸಂಕ್ಷಿಪ್ತವಾಗಿಯೂ ದೊರೆಯುತ್ತದೆ. ಸಭೆಯ ಅತಿ ಹಳೆಯ ಕೈಪಿಡಿಗಳಲ್ಲಿ ಒಂದಾದ ದಿದಾಖೆ ಇದನ್ನು ದಿನಕ್ಕೆ ಮೂರು ಬಾರಿ ಹೇಳಬೇಕೆಂದು ವಿಧಿಸುತ್ತದೆ. ಬಹುತೇಕ ಎಲ್ಲ ಪಂಗಡಗಳೂ ಇಂದಿಗೂ ಬಾಯಿಪಾಠವಾಗಿ ಹೇಳುವ ಪ್ರಾರ್ಥನೆ ಇದೇ ಆಗಿದ್ದು, ಅದರಲ್ಲಿ ದೇವರ ನಾಮದ ಮಹಿಮೆಯ ಪಕ್ಕದಲ್ಲಿಯೇ ಅಂದಿನ ಅನ್ನದ ಬೇಡಿಕೆಯೂ ಇರುವುದು ಗಮನಾರ್ಹ. ದಿನಬಳಕೆಯ ಬದುಕನ್ನು ಪ್ರಾರ್ಥನೆಯಿಂದ ಹೊರಗಿಡದ ಈ ಧೋರಣೆ ಮುಂದಿನ ಇತಿಹಾಸದುದ್ದಕ್ಕೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಪೌಲನ ಮಾತನ್ನು ಅಕ್ಷರಶಃ ಪಾಲಿಸಲು ಹೊರಟವರೂ ಇದ್ದರು. 4ನೆಯ ಶತಮಾನದಲ್ಲಿ ಸಿರಿಯಾ ಮತ್ತು ಏಷ್ಯಾ ಮೈನರ್ ಪ್ರದೇಶದಲ್ಲಿ ಹರಡಿದ ಮೆಸ್ಸಾಲಿಯನ್ ಪಂಥದವರು ಪ್ರಾರ್ಥನೆಯೊಂದೇ ಸಾಕೆಂದು ದೈಹಿಕ ದುಡಿಮೆಯನ್ನು ತೊರೆದರು. 431ರ ಎಫೆಸ ಮಹಾಸಭೆ ಅವರನ್ನು ಖಂಡಿಸಿತು. ಈಜಿಪ್ಟಿನ ಮರುಭೂಮಿಯ ತಪಸ್ವಿಗಳ ಸೂಕ್ತಿಸಂಗ್ರಹದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಸಂವಾದ ಉಳಿದಿದೆ. ತಾವು ಕೈಕೆಲಸ ಮಾಡುವುದಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡವರನ್ನು ಲೂಸಿಯಸ್ ಎಂಬ ಹಿರಿಯ ತಪಸ್ವಿ, ಊಟ ಮಾಡುವಾಗ, ಮಲಗಿರುವಾಗ ನಿಮ್ಮ ಪ್ರಾರ್ಥನೆ ಏನಾಗುತ್ತದೆ ಎಂದು ಕೇಳುತ್ತಾನೆ. ಅವರಲ್ಲಿ ಉತ್ತರವಿರುವುದಿಲ್ಲ. ಆಗ ಅವನು ತನ್ನ ಕ್ರಮವನ್ನು ವಿವರಿಸುತ್ತಾನೆ: ನೀರಿನಲ್ಲಿ ನೆನೆಸಿದ ಎಳೆಗಳನ್ನು ಹಗ್ಗವಾಗಿ ಹೆಣೆಯುತ್ತ, ಕರುಣೆಯನ್ನು ಬೇಡುವ ಬೈಬಲಿನ ಕೀರ್ತನೆಯ ಸಾಲನ್ನು ಹೇಳುತ್ತ ದಿನವಿಡೀ ಕೂರುತ್ತಾನೆ, ಸಿಕ್ಕ ಹದಿನಾರು ಕಾಸಿನಲ್ಲಿ ಎರಡನ್ನು ಬಾಗಿಲ ಹೊರಗೆ ಬಡವರಿಗೆಂದು ಇಟ್ಟು ಉಳಿದದ್ದರಲ್ಲಿ ಉಣ್ಣುತ್ತಾನೆ, ತಾನು ಉಣ್ಣುವಾಗಲೂ ಮಲಗಿರುವಾಗಲೂ ಆ ಕಾಸು ಪಡೆದವನು ತನ್ನ ಪರವಾಗಿ ಪ್ರಾರ್ಥಿಸುತ್ತಾನೆ. ದುಡಿಮೆ, ದಾನ ಮತ್ತು ಪ್ರಾರ್ಥನೆಗಳು ಒಂದನ್ನೊಂದು ಪೂರೈಸುವ ಈ ಪರಿಹಾರಕ್ಕೆ ಸಮನಾದದ್ದು ನಂತರದ ಗ್ರಂಥಗಳಲ್ಲಿಯೂ ವಿರಳ. ಇದಕ್ಕೂ ಮೊದಲೇ, 3ನೆಯ ಶತಮಾನದ ವಿದ್ವಾಂಸ ಒರಿಜೆನ್, ಭಕ್ತನ ಇಡೀ ಜೀವನವನ್ನೇ ಒಂದು ಮಹಾಪ್ರಾರ್ಥನೆಯೆಂದು ಭಾವಿಸಬೇಕು, ರೂಢಿಯಲ್ಲಿ ಪ್ರಾರ್ಥನೆ ಎನಿಸಿಕೊಳ್ಳುವುದು ಅದರ ಒಂದು ಭಾಗ ಮಾತ್ರ ಎಂದು ವಾದಿಸಿದ್ದನು.

ಸಂನ್ಯಾಸಿ ಮಠಗಳು ಕೊಟ್ಟ ಉತ್ತರ ಕಾಲವಿಭಜನೆಯದು. ಸಂತ ಬೆನೆಡಿಕ್ಟ್ (ಸು. 480–547) ಇಟಲಿಯ ಮಾಂಟೆ ಕಸಿನೋ ಮಠಕ್ಕಾಗಿ ರಚಿಸಿದ 73 ಅಧ್ಯಾಯಗಳ ನಿಯಮಾವಳಿ ಹಗಲಿನಲ್ಲಿ ಏಳು ಸಲ, ಇರುಳಿನಲ್ಲಿ ಒಂದು ಸಲ ಪ್ರಾರ್ಥನೆಗೆ ಕೂಡಬೇಕೆಂದು ಗೊತ್ತುಪಡಿಸಿ, 150 ಕೀರ್ತನೆಗಳೂ ವಾರಕ್ಕೊಮ್ಮೆ ಪೂರ್ತಿಯಾಗುವಂತೆ ಹಂಚಿಕೊಟ್ಟಿತು. ಬೆಳಗಿನ ಲಾಡ್ಸ್, ಸಂಜೆಯ ವೆಸ್ಪರ್ಸ್, ಮಲಗುವ ಮುನ್ನದ ಕಾಂಪ್ಲಿನ್ ಮುಂತಾದ ಈ ವೇಳೆಗಳ ನಡುವೆ ಹೊಲದ ಕೆಲಸ ಮತ್ತು ಓದು ನಡೆಯುತ್ತಿದ್ದವು. ಪೂರ್ವದ ಸಭೆಗಳಲ್ಲಿಯೂ ಇಂಥದೇ ಕ್ರಮಗಳು ಬೆಳೆದವು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಪಶ್ಚಿಮ ಸಿರಿಯಾಕ್ ಸಂಪ್ರದಾಯದವರು ಬಳಸುವ ಶಹೀಮೋ ಎಂಬ ಪ್ರಾರ್ಥನಾ ಪುಸ್ತಕದಲ್ಲಿ ವಾರದ ದಿನಗಳಿಗೆ ಏಳು ವೇಳೆಗಳ ಪಾಠಗಳಿವೆ.

ಮಠಗಳಲ್ಲಿ ಓದೂ ಪ್ರಾರ್ಥನೆಯ ಒಂದು ರೂಪವಾಗಿತ್ತು. ಲೆಕ್ಸಿಯೋ ದಿವೀನಾ ಎಂಬ ಈ ಪದ್ಧತಿಯಲ್ಲಿ ಧರ್ಮಗ್ರಂಥದ ಒಂದು ಚಿಕ್ಕ ಭಾಗವನ್ನು ಮೆಲುದನಿಯಲ್ಲಿ ನಿಧಾನವಾಗಿ ಓದಿ, ಮನಸ್ಸನ್ನು ತಟ್ಟಿದ ಮಾತನ್ನು ಮತ್ತೆ ಮತ್ತೆ ಮನನ ಮಾಡಿ, ಅದರಿಂದ ಹೊಮ್ಮಿದ ಪ್ರಾರ್ಥನೆಯನ್ನು ದೇವರಿಗೆ ಸಲ್ಲಿಸಿ, ಕೊನೆಗೆ ಮಾತಿಲ್ಲದೆ ಆತನ ಸನ್ನಿಧಿಯಲ್ಲಿ ನಿಲ್ಲಬೇಕು. ಕಾರ್ತೂಸಿಯನ್ ಸಂನ್ಯಾಸಿ ಎರಡನೆಯ ಗೀಗೋ 12ನೆಯ ಶತಮಾನದಲ್ಲಿ ಓದು, ಮನನ, ಪ್ರಾರ್ಥನೆ, ದರ್ಶನ ಎಂಬ ಈ ನಾಲ್ಕು ಹಂತಗಳನ್ನು ಏಣಿಯ ಮೆಟ್ಟಿಲುಗಳಾಗಿ ವರ್ಣಿಸಿದನು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಇದು ಮಠಗಳಿಂದಾಚೆಗೆ ಸಾಮಾನ್ಯ ಭಕ್ತರ ಬಳಕೆಗೂ ಹೆಚ್ಚಾಗಿ ಬಂದಿದೆ.

ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ಎಡೆಬಿಡದ ಪ್ರಾರ್ಥನೆಯ ಆದರ್ಶಕ್ಕೆ ಅತ್ಯಂತ ನೇರವಾದ ರೂಪ ಕೊಟ್ಟದ್ದು ಯೇಸು ಪ್ರಾರ್ಥನೆ. ಯೇಸುವನ್ನು ಕರ್ತನೆಂದೂ ದೇವಪುತ್ರನೆಂದೂ ಸಂಬೋಧಿಸಿ, ಪಾಪಿಯಾದ ತನ್ನ ಮೇಲೆ ಕರುಣೆ ತೋರಬೇಕೆಂದು ಬೇಡುವ ಒಂದೇ ವಾಕ್ಯದ ಜಪ ಇದು. ಲೂಕನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಬರುವ ಸುಂಕದವನ ಮೊರೆ ಮತ್ತು ಯೆರಿಕೋವಿನ ಕುರುಡನ ಕೂಗು ಇದರಲ್ಲಿ ಒಂದಾಗಿವೆ. ನೂಲಿನ ಅಥವಾ ಉಣ್ಣೆಯ ಗಂಟುಗಳುಳ್ಳ ಹಗ್ಗವನ್ನು ಎಡಗೈಯಲ್ಲಿ ಹಿಡಿದು ಒಂದೊಂದು ಗಂಟಿಗೂ ಒಂದೊಂದು ಸಲ ಇದನ್ನು ಹೇಳುವುದು ವಾಡಿಕೆ. ನೂರು ಗಂಟುಗಳ ಹಗ್ಗ ಹೆಚ್ಚು ಬಳಕೆಯಲ್ಲಿದೆ. ಮೊದಲು ತುಟಿಯಿಂದ, ಅನಂತರ ಮನಸ್ಸಿನಿಂದ, ಕೊನೆಗೆ ಹೃದಯದಲ್ಲಿ ತಾನಾಗಿಯೇ ನಡೆಯುವವರೆಗೆ ಅದನ್ನು ರೂಢಿಸಬೇಕೆಂದು ಗುರುಗಳು ಹೇಳುತ್ತಾರೆ. 13 ಮತ್ತು 14ನೆಯ ಶತಮಾನಗಳಲ್ಲಿ ಗ್ರೀಸಿನ ಆಥೋಸ್ ಪರ್ವತದ ಸಂನ್ಯಾಸಿಗಳು ಗದ್ದವನ್ನು ಎದೆಗೆ ಬಾಗಿಸಿ, ಉಸಿರನ್ನು ನಿಧಾನಗೊಳಿಸಿ ಈ ಜಪವನ್ನು ಮಾಡತೊಡಗಿದರು. ಹೆಸಿಕಾಸಂ, ಅಂದರೆ ಅಂತರಂಗದ ನಿಶ್ಚಲತೆ, ಎಂದು ಹೆಸರಾದ ಈ ಸಾಧನೆಯನ್ನು ಕಲಾಬ್ರಿಯದ ಬಾರ್ಲಾಂ ಎಂಬ ವಿದ್ವಾಂಸ ಹೊಕ್ಕುಳು ನೋಡುವವರ ಮೌಢ್ಯವೆಂದು ಹಳಿದನು. ಗ್ರೆಗರಿ ಪಾಲಮಾಸ್ (ಸು. 1296–1359) ಸಂನ್ಯಾಸಿಗಳ ಪರ ನಿಂತು, ದೇವರ ತತ್ತ್ವಸ್ವರೂಪ ಮನುಷ್ಯನಿಗೆ ಎಂದೂ ನಿಲುಕದಿದ್ದರೂ ಆತನ ಶಕ್ತಿಗಳಲ್ಲಿ ಮನುಷ್ಯ ನಿಜವಾಗಿಯೂ ಪಾಲ್ಗೊಳ್ಳಬಲ್ಲ, ಆ ಪಾಲ್ಗೊಳ್ಳುವಿಕೆಯಲ್ಲಿ ದೇಹಕ್ಕೂ ಸ್ಥಾನವುಂಟು ಎಂದು ಪ್ರತಿಪಾದಿಸಿದನು. ಕಾನ್‌ಸ್ಟಾಂಟಿನೋಪಲ್‌ನಲ್ಲಿ 1341ರಿಂದ 1351ರವರೆಗೆ ನಡೆದ ಸಭೆಗಳು ಅವನ ನಿಲುವನ್ನು ಎತ್ತಿಹಿಡಿದವು. ಉಸಿರಾಟದ ಕ್ರಮವೇ ಈ ಸಾಧನೆಯ ಸಾರವೆಂದು ತಿಳಿಯುವುದು ಸರಿಯಲ್ಲ. ಅದು ಮನಸ್ಸನ್ನು ಒಂದೆಡೆ ನಿಲ್ಲಿಸಲು ನೆರವಾಗುವ ಉಪಾಯ ಮಾತ್ರವೆಂದೂ, ಅನುಭವಿ ಗುರುವಿಲ್ಲದೆ ಅದಕ್ಕೆ ಕೈಹಾಕಬಾರದೆಂದೂ ಆ ಸಂಪ್ರದಾಯವೇ ಎಚ್ಚರಿಸುತ್ತದೆ. ಈ ಪರಂಪರೆಯ ಬರಹಗಳು ಫಿಲೋಕಾಲಿಯಾ ಎಂಬ ಸಂಕಲನವಾಗಿ 1782ರಲ್ಲಿ ವೆನಿಸ್‌ನಲ್ಲಿ ಅಚ್ಚಾಗಿ, ಸ್ಲಾವೊನಿಕ್ ಅನುವಾದದ ಮೂಲಕ ರಷ್ಯಾಕ್ಕೆ ಹಬ್ಬಿದವು. 19ನೆಯ ಶತಮಾನದ ಅನಾಮಿಕ ರಷ್ಯನ್ ಕೃತಿ 'ಯಾತ್ರಿಕನ ದಾರಿ'ಯ ನಾಯಕ, ಚರ್ಚಿನಲ್ಲಿ ಪೌಲನ ಅದೇ ಮಾತನ್ನು ಕೇಳಿ ಅದರ ಅರ್ಥವನ್ನು ಅರಸುತ್ತ ಊರೂರು ಅಲೆದು, ಕೊನೆಗೆ ಒಬ್ಬ ಹಿರಿಯರ ಮಾರ್ಗದರ್ಶನದಲ್ಲಿ ದಿನಕ್ಕೆ ಮೂರು ಸಾವಿರದಿಂದ ತೊಡಗಿ ಹನ್ನೆರಡು ಸಾವಿರ ಸಲದವರೆಗೆ ಈ ಜಪವನ್ನು ಮಾಡಲು ಕಲಿಯುತ್ತಾನೆ.

ಪಶ್ಚಿಮದಲ್ಲಿ ಇದೇ ಸ್ಥಾನ ಜಪಸರಕ್ಕೆ ದೊರೆಯಿತು. ಲ್ಯಾಟಿನ್ ಓದಲು ಬಾರದ ಮಠದ ಸಹೋದರರು ಮತ್ತು ಗೃಹಸ್ಥರು 150 ಕೀರ್ತನೆಗಳ ಬದಲಾಗಿ ಕರ್ತನ ಪ್ರಾರ್ಥನೆಯನ್ನು, ಕಾಲಕ್ರಮದಲ್ಲಿ ಮರಿಯಮ್ಮನ ವಂದನೆಯಾದ ನಮೋ ಮರಿಯಾ ಪ್ರಾರ್ಥನೆಯನ್ನು, ಅಷ್ಟೇ ಸಲ ಹೇಳುತ್ತಿದ್ದರು. ಎಣಿಕೆ ತಪ್ಪದಿರಲು ಮಣಿಗಳನ್ನು ಬಳಸುತ್ತಿದ್ದರು. ಹೀಗೆ ಜಪಸರ ಮೂಲತಃ ಪುಸ್ತಕವಿಲ್ಲದವರ ಕೀರ್ತನ ಗ್ರಂಥ. 15ನೆಯ ಶತಮಾನದಲ್ಲಿ ಕಾರ್ತೂಸಿಯನ್ನರು ಅದಕ್ಕೆ ಯೇಸುವಿನ ಜೀವನದ ಧ್ಯಾನವನ್ನು ಸೇರಿಸಿದರು, ಡೊಮಿನಿಕನ್ ಗುರು ಅಲನ್ ದ ಲಾ ರೋಶ್ ಭಕ್ತಸಂಘಗಳ ಮೂಲಕ ಅದನ್ನು ಹರಡಿದನು. ಸಂತ ಡೊಮಿನಿಕ್‌ನಿಗೆ ಮರಿಯಮ್ಮನೇ ಇದನ್ನು ಕೊಟ್ಟಳೆಂಬ ಪ್ರಸಿದ್ಧ ಐತಿಹ್ಯ ಹೆಚ್ಚಾಗಿ ಪ್ರಚಾರಕ್ಕೆ ಬಂದದ್ದು ಅಲನ್‌ನಿಂದಲೇ. ಪೋಪ್ ಐದನೆಯ ಪಯಸ್ 1569ರಲ್ಲಿ ಅದರ ಕ್ರಮವನ್ನು ಅಧಿಕೃತಗೊಳಿಸಿದರು. ಈಗ ಬಳಕೆಯಲ್ಲಿರುವ ಸರದಲ್ಲಿ ಸಾಮಾನ್ಯವಾಗಿ 59 ಮಣಿಗಳಿರುತ್ತವೆ: ನಮೋ ಮರಿಯಾ ಹೇಳಲು 53, ಕರ್ತನ ಪ್ರಾರ್ಥನೆಗೆ ಆರು. ಹತ್ತು ಮಣಿಗಳ ಒಂದೊಂದು ಸುತ್ತಿಗೂ ಯೇಸುವಿನ ಅಥವಾ ಮರಿಯಮ್ಮನ ಜೀವನದ ಒಂದೊಂದು ಘಟನೆಯನ್ನು ಧ್ಯಾನಿಸಬೇಕು. ಸಂತೋಷ, ದುಃಖ, ಮಹಿಮೆ ಎಂಬ ಮೂರು ವರ್ಗಗಳಲ್ಲಿದ್ದ ಹದಿನೈದು ಘಟನೆಗಳಿಗೆ ಪೋಪ್ ಎರಡನೆಯ ಜಾನ್ ಪಾಲ್ 2002ರಲ್ಲಿ ಬೆಳಕಿನ ಐದು ಘಟನೆಗಳನ್ನು ಸೇರಿಸಿ ಯೇಸುವಿನ ಬೋಧನಾ ಜೀವನಕ್ಕೂ ಜಾಗ ಮಾಡಿಕೊಟ್ಟರು. ಬೆರಳು ಮಣಿಯನ್ನು ಸರಿಸುತ್ತಿರುವಾಗ, ನಾಲಗೆ ಪರಿಚಿತ ಮಾತನ್ನು ನುಡಿಯುತ್ತಿರುವಾಗ, ಮನಸ್ಸು ಘಟನೆಯ ಮೇಲೆ ನಿಲ್ಲಲು ಬಿಡುವು ದೊರೆಯುತ್ತದೆ. ಇದನ್ನು ಬರಿಯ ಪುನರುಕ್ತಿ ಎಂದು ತಳ್ಳಿಹಾಕುವವರು ಪದ್ಧತಿಯ ಈ ಒಳರಚನೆಯನ್ನು ಗಮನಿಸುವುದಿಲ್ಲ.

16ನೆಯ ಶತಮಾನದ ಸ್ಪೇನ್ ದೈನಂದಿನ ಸಾಧನೆಗೆ ಬೇರೊಂದು ದಿಕ್ಕು ತೋರಿತು. 1521ರಲ್ಲಿ ಪಾಂಪ್ಲೋನಾದ ಕೋಟೆಯ ಕಾಳಗದಲ್ಲಿ ಗಾಯಗೊಂಡ ಬಳಿಕ ಮನಃಪರಿವರ್ತನೆ ಹೊಂದಿದ ಲೊಯೋಲಾದ ಇಗ್ನೇಷಿಯಸ್ (1491–1556) ರಚಿಸಿದ 'ಆಧ್ಯಾತ್ಮಿಕ ಸಾಧನೆಗಳು' 1548ರಲ್ಲಿ ಪೋಪರ ಒಪ್ಪಿಗೆ ಪಡೆಯಿತು. ಸುಮಾರು ಮೂವತ್ತು ದಿನಗಳ ಏಕಾಂತ ಧ್ಯಾನಕ್ಕೆ ಇದು ಕೈಪಿಡಿ. ಸುವಾರ್ತೆಯ ಒಂದು ಪ್ರಸಂಗವನ್ನು ಎತ್ತಿಕೊಂಡು ಅಲ್ಲಿನ ದಾರಿಯ ಉದ್ದ, ಗುಹೆಯ ಎತ್ತರ, ಜನರ ಮಾತುಕತೆಗಳನ್ನು ಕಲ್ಪನೆಯಲ್ಲಿ ಕಟ್ಟಿಕೊಂಡು ಅದರೊಳಗೆ ತಾನೂ ಇರುವಂತೆ ಧ್ಯಾನಿಸಬೇಕೆಂದು ಅವನು ಹೇಳುತ್ತಾನೆ. ಪ್ರತಿದಿನದ ಬಳಕೆಗೆ ಅವನು ಕೊಟ್ಟದ್ದು ಆತ್ಮಶೋಧನೆ: ಪಡೆದ ಉಪಕಾರಗಳಿಗಾಗಿ ದೇವರಿಗೆ ಕೃತಜ್ಞತೆ ಹೇಳಿ, ತನ್ನನ್ನು ಅರಿಯುವ ಅನುಗ್ರಹವನ್ನು ಬೇಡಿ, ಎದ್ದ ಹೊತ್ತಿನಿಂದ ಗಂಟೆ ಗಂಟೆಯಾಗಿ ದಿನವನ್ನು ಪರಿಶೀಲಿಸಿ, ತಪ್ಪಿಗೆ ಕ್ಷಮೆ ಕೇಳಿ, ತಿದ್ದಿಕೊಳ್ಳುವ ನಿರ್ಧಾರ ಮಾಡುವುದು. ಒಂದು ನಿರ್ದಿಷ್ಟ ದೋಷವನ್ನು ಕಳೆದುಕೊಳ್ಳಬೇಕಾದವನು ವಾರದ ಏಳು ದಿನಗಳಿಗೂ ಗೆರೆಗಳನ್ನು ಎಳೆದುಕೊಂಡು, ಆ ದೋಷಕ್ಕೆ ಸಿಲುಕಿದಾಗಲೆಲ್ಲ ಒಂದು ಚುಕ್ಕಿ ಇಟ್ಟು, ಒಂದು ದಿನವನ್ನು ಇನ್ನೊಂದರೊಂದಿಗೆ ಹೋಲಿಸಬೇಕೆಂಬಷ್ಟು ವಿವರಕ್ಕೆ ಅವನು ಇಳಿಯುತ್ತಾನೆ. ಪ್ರಾರ್ಥನೆ ಶುಷ್ಕವಾದಾಗ ಏನು ಮಾಡಬೇಕೆಂಬುದನ್ನೂ ಆ ಕಾಲದ ಲೇಖಕರು ಮರೆಮಾಚದೆ ಚರ್ಚಿಸಿದ್ದಾರೆ. ಆವಿಲಾದ ತೆರೇಸಾ (1515–1582) ತನ್ನ ಆತ್ಮಕಥೆಯಲ್ಲಿ, ಹಲವು ವರ್ಷಗಳ ಕಾಲ ತನಗೆ ಪ್ರಾರ್ಥನೆಗಿಂತ ಗಂಟೆ ಯಾವಾಗ ಹೊಡೆದೀತೆಂಬ ಚಿಂತೆಯೇ ಹೆಚ್ಚಾಗಿತ್ತೆಂದು ಒಪ್ಪಿಕೊಂಡಿದ್ದಾಳೆ. ಅವಳನ್ನು ಕೊನೆಗೆ ಕಾಪಾಡಿದ್ದು ಭಾವಾವೇಶವಲ್ಲ, ಬೇಸರದ ನಡುವೆಯೂ ಬಿಡದೆ ಕುಳಿತ ಛಲ. ಅವಳೇ ಸುಧಾರಿಸಿದ ಕಾರ್ಮೆಲ್ ಸಂಘದ ಪ್ಯಾರಿಸ್ ಮಠದಲ್ಲಿ 17ನೆಯ ಶತಮಾನದಲ್ಲಿ ಅಡುಗೆಮನೆಯ ಕೆಲಸಕ್ಕಿದ್ದ ಸಹೋದರ ಲಾರೆನ್ಸ್, ಒಂದು ಕಾಲದಲ್ಲಿ ಸೈನಿಕನಾಗಿದ್ದವನು. ಪಾತ್ರೆಗಳ ಸದ್ದಿನ ನಡುವೆ ಹತ್ತಾರು ಜನ ಹತ್ತಾರು ಬಗೆಯ ಕೆಲಸ ಹೇಳುತ್ತಿರುವಾಗಲೂ, ದೇವಾಲಯದಲ್ಲಿ ಮೊಣಕಾಲೂರಿದಾಗ ಇರುವಷ್ಟೇ ಸಮಾಧಾನದಿಂದ ದೇವರ ಸನ್ನಿಧಿಯಲ್ಲಿ ಇರಬಹುದೆಂಬುದು ಅವನ ಅನುಭವ. 1691ರಲ್ಲಿ ಅವನು ತೀರಿಕೊಂಡ ನಂತರ ಅವನ ಪತ್ರಗಳನ್ನೂ ಮಾತುಗಳನ್ನೂ ಸಂಗ್ರಹಿಸಿ ಪ್ರಕಟಿಸಲಾಯಿತು. ಕ್ಯಾಥೊಲಿಕರಿಗಿಂತ ಹೆಚ್ಚಾಗಿ ಪ್ರಾಟೆಸ್ಟೆಂಟರು ಅವನ್ನು ಓದಿಕೊಂಡು ಬಂದಿದ್ದಾರೆ.

ಪ್ರಾಟೆಸ್ಟೆಂಟ್ ಸುಧಾರಣೆ ಮಠವನ್ನು ಬಿಟ್ಟು ಮನೆಯನ್ನು ಸಾಧನೆಯ ಕೇಂದ್ರವಾಗಿ ಮಾಡಿತು. ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೀಟರ್‌ನಿಗಾಗಿ ಪ್ರಾರ್ಥನೆಯ ಸರಳ ವಿಧಾನವನ್ನು ಬರೆದುಕೊಟ್ಟನು. ದಶಾಜ್ಞೆಗಳಲ್ಲಿ ಒಂದೊಂದನ್ನೂ ಎತ್ತಿಕೊಂಡು ಅದರಿಂದ ಬೋಧನೆ, ಕೃತಜ್ಞತೆ, ಪಾಪನಿವೇದನೆ, ಬೇಡಿಕೆ ಎಂಬ ನಾಲ್ಕು ಎಳೆಗಳನ್ನು ಬಿಡಿಸಬೇಕೆಂದು ಹೇಳಿ, ಮನಸ್ಸನ್ನೂ ಕಣ್ಣನ್ನೂ ಕತ್ತಿಯ ಮೇಲಿಡದ ಕ್ಷೌರಿಕನಿಂದ ಗಿರಾಕಿಯ ಮೂಗಿಗೇ ಅಪಾಯವಾಗುವಂತೆ, ಗಮನವಿಲ್ಲದ ಪ್ರಾರ್ಥನೆಯೂ ಕೆಡುತ್ತದೆಂದು ಅವನ ಕಸುಬಿನಿಂದಲೇ ದೃಷ್ಟಾಂತ ಕೊಟ್ಟನು. ಇಂಗ್ಲೆಂಡಿನಲ್ಲಿ ಥಾಮಸ್ ಕ್ರಾನ್ಮರ್ 1549ರ ಸಾಮಾನ್ಯ ಪ್ರಾರ್ಥನಾ ಪುಸ್ತಕದಲ್ಲಿ ಮಠದ ಅಷ್ಟೂ ವೇಳೆಗಳನ್ನು ಬೆಳಗಿನ ಮತ್ತು ಸಂಜೆಯ ಎರಡು ಪ್ರಾರ್ಥನೆಗಳಾಗಿ ಸಂಗ್ರಹಿಸಿ, ಕೀರ್ತನೆಗಳನ್ನು ತಿಂಗಳಿಗೊಮ್ಮೆ ಮುಗಿಯುವಂತೆ ಹಂಚಿದನು. ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಮುದಾಯದವರು 1727ರಲ್ಲಿ ಗಂಟೆಗಂಟೆಗೂ ಸರದಿಯ ಮೇಲೆ ಹಗಲಿರುಳೂ ಪ್ರಾರ್ಥಿಸುವ ಏರ್ಪಾಟು ಮಾಡಿಕೊಂಡರು. ಅದು ನೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಒಬ್ಬನಿಂದ ಆಗದ ಎಡೆಬಿಡದ ಪ್ರಾರ್ಥನೆಯನ್ನು ಇಲ್ಲಿ ಇಡೀ ಊರು ಹಂಚಿಕೊಂಡಿತು. ಅವರು 1731ರಿಂದ ಅಚ್ಚು ಹಾಕಿಸುತ್ತಿರುವ ದಿನಕ್ಕೊಂದು ವಚನದ ಪುಸ್ತಕ ಇಂದಿಗೂ ಪ್ರತಿವರ್ಷ ಹೊರಬರುತ್ತಿದೆ. 17ನೆಯ ಶತಮಾನದ ಇಂಗ್ಲೆಂಡಿನ ಕ್ವೇಕರರು ಪುರೋಹಿತರನ್ನೂ ಸಿದ್ಧಪಾಠವನ್ನೂ ಬಿಟ್ಟು ಒಟ್ಟಾಗಿ ಮೌನದಲ್ಲಿ ಕಾಯುವ ಕ್ರಮವನ್ನು ಅನುಸರಿಸಿದರೆ, 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ತೊಡಗಿದ ಉಜ್ಜೀವನದಿಂದ ಜಗತ್ತಿನೆಲ್ಲೆಡೆ ಹರಡಿದ ಪೆಂಟೆಕೋಸ್ಟಲ್ ಸಭೆಗಳಲ್ಲಿ ಎಲ್ಲರೂ ಒಮ್ಮೆಗೇ ಗಟ್ಟಿಯಾಗಿ ಪ್ರಾರ್ಥಿಸುವುದು, ಅನ್ಯಭಾಷೆಗಳಲ್ಲಿ ನುಡಿಯುವುದು ರೂಢಿಯಾಯಿತು.

ಕರ್ನಾಟಕದಲ್ಲಿ ಈ ಧಾರೆಗಳಲ್ಲಿ ಹಲವು ಒಟ್ಟಿಗೆ ಹರಿದಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಜರ್ಮನಿಯ ಪಯಟಿಸಂ ಎಂಬ ಮನೆಭಕ್ತಿಯ ಚಳವಳಿಯಲ್ಲಿ ಬೇರೂರಿದ್ದರಿಂದ, ಬೈಬಲ್ ಓದು, ಗೀತೆ, ಸ್ವಂತ ಮಾತಿನ ಪ್ರಾರ್ಥನೆ ಸೇರಿದ ಕುಟುಂಬ ಪ್ರಾರ್ಥನೆಯನ್ನು ಇಲ್ಲಿಯೂ ಬೆಳೆಸಿತು. ಹೆರ್ಮನ್ ಮೊಗ್ಲಿಂಗ್, ನಿಘಂಟುಕಾರ ಫರ್ಡಿನೆಂಡ್ ಕಿಟ್ಟೆಲ್ ಮುಂತಾದವರು ಕನ್ನಡದಲ್ಲಿ ಸಭಾಗೀತೆಗಳನ್ನು ರಚಿಸಿದರು. ಕರಾವಳಿಯ ಕೊಂಕಣಿ ಕ್ಯಾಥೊಲಿಕ್ ಮನೆಗಳಲ್ಲಿ ತೇರ್ಸ್ ಎಂದು ಕರೆಯುವ ಸಂಜೆಯ ಜಪಸರ ಮನೆಮಂದಿಯನ್ನೆಲ್ಲ ದೇವರ ಪೀಠದ ಮುಂದೆ ಕೂಡಿಸುತ್ತದೆ. ಅದು ಮುಗಿದ ಮೇಲೆ ಕಿರಿಯರು ಹಿರಿಯರಿಂದ ಆಶೀರ್ವಾದ ಬೇಡುವ ಸಂಪ್ರದಾಯವಿದೆ. ಮರಿಯಮ್ಮನ ಜನ್ಮದಿನವಾದ ಸೆಪ್ಟೆಂಬರ್ 8ಕ್ಕೆ ಮೊದಲು ಒಂಬತ್ತು ದಿನಗಳ ನೊವೇನಾ ಪ್ರಾರ್ಥನೆ ನಡೆಯುತ್ತದೆ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಆ ದಿನಗಳಲ್ಲಿ ಅನ್ಯಧರ್ಮೀಯರೂ ದೊಡ್ಡ ಸಂಖ್ಯೆಯಲ್ಲಿ ಸೇರುತ್ತಾರೆ. ಕರಾವಳಿಯಲ್ಲಿ ಅದೇ ಹಬ್ಬವನ್ನು ಮೊಂತಿ ಫೆಸ್ತ್ ಎಂದು ಕರೆಯುತ್ತಾರೆ. ಅಲ್ಲಿ ಮಕ್ಕಳು ಒಂಬತ್ತು ದಿನವೂ ಮರಿಯಮ್ಮನ ಪ್ರತಿಮೆಗೆ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ, ಅದರ ಕಾಳನ್ನು ಸುಲಿದು ಹಾಲಿಗೆ ಅಥವಾ ಪಾಯಸಕ್ಕೆ ಬೆರೆಸಿ, ಪ್ರಾರ್ಥನೆಯ ನಂತರ ಮನೆಯವರೆಲ್ಲರೂ ಅದನ್ನು ಸೇವಿಸಿದ ಮೇಲೆಯೇ ಹೊಸ ಬೆಳೆಯ ಊಟ ಆರಂಭವಾಗುತ್ತದೆ.