ಗುಮ್ಮಟದಿಂದ ಭಜನೆಗೆ: ಸೂರತ್ ಸೀಮೆಯಲ್ಲಿ ಕ್ರೈಸ್ತ ಶ್ರದ್ಧೆಯ ದೇಸಿ ನಡೆ

ಹೊರನಾಡಿನಿಂದ ಬಂದ ಧರ್ಮವೊಂದು ಹೊಸ ನೆಲದಲ್ಲಿ ನೆಲೆಯೂರಿತೆಂದು ಹೇಳಬೇಕಾದರೆ ಮತಾಂತರಗೊಂಡವರ ಎಣಿಕೆ ಸಾಲದು. ಆ ನೆಲದ ಶಿಲ್ಪ, ಭಾಷೆ, ಹಾಡು ಮತ್ತು ಛಂದಸ್ಸುಗಳೊಡನೆ ಅದು ನಡೆಸಿದ ಕೊಡುಕೊಳೆಯನ್ನೂ ಪರಿಶೀಲಿಸಬೇಕಾಗುತ್ತದೆ. ಇಂಥ ಪರಿಶೀಲನೆಗೆ ದಕ್ಷಿಣ ಗುಜರಾತಿನ ಸೂರತ್ ಸೀಮೆ ತಕ್ಕ ಕ್ಷೇತ್ರ. ತಾಪಿ ನದಿಯ ದಡದ ಸೂರತ್ ಮೊಘಲರ ಕಾಲದಲ್ಲಿ ಹಜ್ ಯಾತ್ರಿಕರೂ ಅರ್ಮೇನಿಯನ್, ಪಾರಸಿ, ಜೈನ ವರ್ತಕರೂ ಕೂಡುತ್ತಿದ್ದ ಬಂದರಾಗಿತ್ತು. ಅದರ ದಕ್ಷಿಣಕ್ಕಿರುವ, ಇಂದು ಕೈಗಾರಿಕಾ ವಸಾಹತಾಗಿ ಹೆಸರಾದ ಸಚಿನ್, ಆಫ್ರಿಕಾ ಮೂಲದ ಸಿದ್ದಿ ಮನೆತನದ ನವಾಬರು 1791ರ ಒಪ್ಪಂದದ ಮೂಲಕ ಪಡೆದು ಆಳಿದ ಪುಟ್ಟ ಸಂಸ್ಥಾನವಾಗಿತ್ತು. ಹೀಗೆ ಹಲವು ನಾಡುಗಳ ಜನ ಬೆರೆತ ಸೀಮೆಯಲ್ಲಿ ಕ್ರೈಸ್ತ ಶ್ರದ್ಧೆ ಮೊದಲು ಕಲ್ಲುಗಾರೆಯ ಕಟ್ಟಡದಲ್ಲಿ, ಎರಡು ಶತಮಾನಗಳ ತರುವಾಯ ಹಾಡಿನಲ್ಲಿ ದೇಸಿ ರೂಪ ತಾಳಿತು.

ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ 1613ರಲ್ಲಿ ಸೂರತ್ತಿನಲ್ಲಿ ತನ್ನ ಕೋಠಿಯನ್ನು, ಎಂದರೆ ಉಗ್ರಾಣವೂ ವಸತಿಯೂ ಕೂಡಿದ ವ್ಯಾಪಾರ ಕೇಂದ್ರವನ್ನು ತೆರೆಯಿತು. ನಗರದ ಕತಾರ್‌ಗಾಮ್ ದರವಾಜಾದ ಬಳಿಯಿರುವ ಇಂಗ್ಲಿಷರ ಸ್ಮಶಾನದಲ್ಲಿ, 1659ರಲ್ಲಿ ತೀರಿಕೊಂಡ ಕ್ರಿಸ್ಟೋಫರ್ ಆಕ್ಸೆಂಡನ್ ಮತ್ತು 1669ರಲ್ಲಿ ತೀರಿಕೊಂಡ ಅವನ ಸಹೋದರ ಜಾರ್ಜ್ ಆಕ್ಸೆಂಡನ್‌ನ ಸಮಾಧಿಗಳಿವೆ. ಕಂಬಗಳು, ಕಮಾನುಗಳು, ಮೇಲೆ ಗುಮ್ಮಟ ಇರುವ ಈ ರಚನೆಯನ್ನು ದೂರದಿಂದ ನೋಡಿದವರು ಮುಸಲ್ಮಾನ ಸರದಾರನ ಗೋರಿಯೆಂದೇ ತಿಳಿಯಬಹುದು. ಹತ್ತಿರ ಹೋದಾಗ ಮಾತ್ರ ಲ್ಯಾಟಿನ್ ಶಾಸನ ಕ್ರೈಸ್ತನ ಹೆಸರನ್ನು ಹೇಳುತ್ತದೆ. ಮಲಬಾರಿನ ಗಿಡಮೂಲಿಕೆಗಳ ಮಹಾಗ್ರಂಥವಾದ ‘ಹೋರ್ತುಸ್ ಮಲಬಾರಿಕಸ್’ನ ಕರ್ತೃ, ಡಚ್ ಕಂಪನಿಯ ಅಧಿಕಾರಿ ವಾನ್ ರೀಡೆ 1691ರಲ್ಲಿ ಸೂರತ್ತಿನ ದಾರಿಯಲ್ಲಿ ಹಡಗಿನಲ್ಲೇ ಮೃತನಾದಾಗ ಅವನಿಗೂ ಇಂಥದೇ ಗುಮ್ಮಟದ ಸಮಾಧಿ ಎದ್ದಿತು. ಆದರೆ ಇದನ್ನು ಸಂಸ್ಕೃತಿಗಳ ಸಂವಾದವೆಂದು ಹೊಗಳುವ ಮುನ್ನ ಒಂದು ಮಾತನ್ನು ಗಮನಿಸಬೇಕು: ಈ ವರ್ತಕರು ಮೊಘಲ್ ಅಮೀರರ ವೈಭವಕ್ಕೆ ಸಾಟಿಯಾಗಿ ತಮ್ಮ ಅಂತಸ್ತನ್ನು ಮೆರೆಯಲು ಬಯಸಿದರೇ ಹೊರತು ನೆರೆಹೊರೆಯವರ ಮನಸ್ಸಿನೊಡನೆ ಮಾತನಾಡಲು ಅಲ್ಲ. ಆ ಮಾತು ಆರಂಭವಾಗಲು ಭಾಷೆ ಬೇಕಾಗಿತ್ತು.

ಲಂಡನ್ ಮಿಶನರಿ ಸೊಸೈಟಿಯ ಸ್ಕಿನ್ನರ್ ಮತ್ತು ಫೈವಿ 1815ರಲ್ಲಿ ಸೂರತ್ತಿನಲ್ಲಿ ಕೆಲಸ ಆರಂಭಿಸಿ, ಮುದ್ರಣಾಲಯವನ್ನು ಸ್ಥಾಪಿಸಿ, 1820ರ ದಶಕದಲ್ಲಿ ಗುಜರಾತಿ ಬೈಬಲನ್ನು ಹೊರತಂದರು. ಮಿಶನ್ನಿನ ಶಾಲೆಗಳೂ ಪುಸ್ತಿಕೆಗಳೂ ಎಬ್ಬಿಸಿದ ಚರ್ಚೆಗಳ ಕಾಲದಲ್ಲಿಯೇ ದುರ್ಗಾರಾಮ ಮೆಹತಾಜಿ ಮತ್ತು ಅವರ ಸಂಗಡಿಗರು 1844ರಲ್ಲಿ ಸೂರತ್ತಿನಲ್ಲಿ ಮಾನವ ಧರ್ಮ ಸಭೆಯನ್ನು ಕಟ್ಟಿ, ಜಾತಿಭೇದ, ಮಾಟಮಂತ್ರ ಮತ್ತು ವಿಧವೆಯರ ದುಸ್ಥಿತಿಗಳನ್ನು ಬಹಿರಂಗವಾಗಿ ವಿಮರ್ಶಿಸತೊಡಗಿದರು. ಊರಿನ ವಿದ್ಯಾವಂತರು ಹೊಸ ವಿಚಾರಗಳನ್ನು ಸುಮ್ಮನೆ ಕೇಳಿಸಿಕೊಳ್ಳದೆ, ಧರ್ಮವೆಂದರೇನು ಎಂಬ ಪ್ರಶ್ನೆಯನ್ನು ತಾವೇ ಕೈಗೆತ್ತಿಕೊಂಡರು.

ಈ ಸಂವಾದಕ್ಕೆ ಹಾಡಿನ ರೂಪ ಕೊಟ್ಟವರಲ್ಲಿ ಪ್ರಮುಖನಾದ ಜೋಸೆಫ್ ವಾನ್ ಸೋಮರೆನ್ ಟೇಲರ್ ಹುಟ್ಟಿದ್ದು ಬಳ್ಳಾರಿಯಲ್ಲಿ, 1820ರಲ್ಲಿ. ಜಾನ್ ಹ್ಯಾಂಡ್ಸ್ 1810ರಲ್ಲಿ ತೆರೆದ ಬಳ್ಳಾರಿಯ ಮಿಶನ್ ಕನ್ನಡ ಬೈಬಲಿನ ಅನುವಾದಕ್ಕೂ ಮಿಶನರಿ ರೀವ್‌ನ ಕನ್ನಡ ನಿಘಂಟಿಗೂ ಹೆಸರಾದುದು. ಟೇಲರನ ತಂದೆ ಅಲ್ಲಿಂದ ಬೆಳಗಾವಿಗೆ ಹೋಗಿ ಅಲ್ಲಿನ ಮಿಶನ್ನಿನ ಕಾರ್ಯವನ್ನು ನಡೆಸಿದವನು. ಮಗ ಸ್ಕಾಟ್ಲೆಂಡಿನಲ್ಲಿ ಓದಿ ವಡೋದರಾ ಮತ್ತು ಮಹೀ ನದಿಯ ಸೀಮೆಗೆ ಬಂದು, ಮುಂದೆ ಐರಿಷ್ ಪ್ರೆಸ್ಬಿಟೇರಿಯನ್ ಮಿಶನ್ನನ್ನು ಸೇರಿದನು. ಅವನು 1861ರಲ್ಲಿ ಪರಿಷ್ಕೃತ ಗುಜರಾತಿ ಬೈಬಲನ್ನೂ 1863ರಲ್ಲಿ ‘ಕಾವ್ಯಾರ್ಪಣ’ವೆಂಬ ಭಕ್ತಿಗೀತೆಗಳ ಸಂಕಲನವನ್ನೂ 1867ರಲ್ಲಿ ಗುಜರಾತಿ ವ್ಯಾಕರಣವನ್ನೂ ಪ್ರಕಟಿಸಿದನು. 1870ರ ಧಾತುಸಂಗ್ರಹದಲ್ಲಿ ವ್ರಜಲಾಲ ಶಾಸ್ತ್ರಿಗಳು ಅವನ ಸಹಕರ್ತರು. ಮಿಶನರಿಯ ಪಾಂಡಿತ್ಯದ ಹಿಂದೆ ದೇಸಿ ಪಂಡಿತರ ಶ್ರಮ ಎಷ್ಟಿತ್ತೆಂಬುದಕ್ಕೆ ಇದು ಸಾಕ್ಷಿ. ಗುಜರಾತಿಯನ್ನು ಬಡ ಭಾಷೆಯೆಂದು ಹಳಿಯುವವರಿಗೆ ಉತ್ತರ ಕೊಡುವಾಗ, 1917ರ ಭರೂಚ್ ಶಿಕ್ಷಣ ಪರಿಷತ್ತಿನ ಭಾಷಣದಲ್ಲಿ ಗಾಂಧೀಜಿ ಆಧಾರವಾಗಿ ತೆಗೆದುಕೊಂಡದ್ದು ಈ ಟೇಲರನ ಅಭಿಪ್ರಾಯವನ್ನೇ.

ಟೇಲರನ ಗೀತೆಗಳು ಹಿಡಿದದ್ದು ಭಜನೆಯ ದಾರಿಯನ್ನು. ಯುರೋಪಿನ ಕೀರ್ತನೆಯಲ್ಲಿ ನುಡಿಗಳೆಲ್ಲ ಒಂದೇ ಧಾಟಿಯಲ್ಲಿ ಸಾಗುತ್ತವೆ. ಭಜನೆಯಲ್ಲಾದರೋ ನಮ್ಮ ಪಲ್ಲವಿಗೆ ಸಮಾನವಾದ ‘ಟೇಕ್’ ಪ್ರತಿ ನುಡಿಯ ಬಳಿಕ ಮರಳಿ ಬರುತ್ತದೆ, ಮುಂದಾಳು ಹೇಳಿದ್ದನ್ನು ಸಭೆ ಎತ್ತಿಕೊಳ್ಳುತ್ತದೆ, ತಾಳ ಕೈಗೆ ಕೈ ಸೇರಿಸುತ್ತದೆ. ಪುಸ್ತಕ ಓದಲಾರದವನಿಗೂ ಟೇಕ್ ಬಾಯಿಗೆ ಬರುತ್ತದೆ. ಅಕ್ಷರ ಬಾರದ ರೈತರ ಸಭೆಗಳಲ್ಲಿ ಈ ರೂಪ ಬೇರೂರಲು ಕಾರಣ ಇದೇ. ಇದೇ ಕಾಲದಲ್ಲಿ ಕನ್ನಡ ಕರಾವಳಿಯಲ್ಲಿದ್ದ ಬಾಸೆಲ್ ಮಿಶನ್ನಿನ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ದೇಸಿ ಛಂದಸ್ಸಿಗೆ ತಂದನೆಂಬುದು, ಈ ಹಂಬಲ ಒಬ್ಬ ವ್ಯಕ್ತಿಯದಾಗಿರದೆ ಕಾಲದ ಒತ್ತಡದಿಂದ ಹುಟ್ಟಿತೆಂದು ತೋರಿಸುತ್ತದೆ.

ಹವಾಯಿ ದ್ವೀಪಗಳ ಚರಿತ್ರೆ ಇದಕ್ಕೆ ಹೋಲಿಕೆಯೂ ಹೌದು, ಎಚ್ಚರಿಕೆಯೂ ಹೌದು. ಅಮೆರಿಕದ ಮಿಶನರಿಗಳು ಅಲ್ಲಿಗೆ ಬಂದಿಳಿದದ್ದು ಟೇಲರ್ ಹುಟ್ಟಿದ 1820ರಲ್ಲೇ. ಅವರು ಹವಾಯಿ ಭಾಷೆಗೆ ಲಿಪಿ ರೂಪಿಸಿದರು, ಮುದ್ರಣ ತಂದರು, 1839ರ ಹೊತ್ತಿಗೆ ಇಡೀ ಬೈಬಲನ್ನು ಆ ಭಾಷೆಯಲ್ಲಿ ಕೊಟ್ಟರು. ಆದರೆ ಹುಲಾವನ್ನು, ಎಂದರೆ ವಂಶಾವಳಿ ಮತ್ತು ದೇವತಾಸ್ತುತಿಗಳ ಪಠಣಕ್ಕೆ ಅಭಿನಯ ಕೂಡಿಸುವ ನೃತ್ಯವನ್ನು, ಕ್ರೈಸ್ತ ಮತ ಸ್ವೀಕರಿಸಿದ್ದ ರಾಣಿ ಕಾಆಹುಮನು 1830ರಲ್ಲಿ ನಿಷೇಧಿಸಿದಳು. ಹೊನೊಲುಲುವಿನಲ್ಲಿ 1842ರಲ್ಲಿ ಪೂರ್ಣಗೊಂಡ ಕವಾಯಹಾಓ ಇಗರ್ಜಿಯ ಕಲ್ಲು ಅಲ್ಲಿನ ಹವಳದಿಬ್ಬದಿಂದ ಕಡಿದದ್ದು, ವಿನ್ಯಾಸ ಮಾತ್ರ ಅಮೆರಿಕದ ನ್ಯೂ ಇಂಗ್ಲೆಂಡಿನದು. ರಾಜ ಕಲಾಕೌವ 1883ರ ಪಟ್ಟಾಭಿಷೇಕದ ಉತ್ಸವದಲ್ಲಿ ಹುಲಾವನ್ನು ಮತ್ತೆ ಬಹಿರಂಗಕ್ಕೆ ತಂದರೂ, ರಾಜ್ಯ ಉರುಳಿದ ಮೇಲೆ 1896ರ ಕಾನೂನು ಶಾಲೆಗಳಿಂದ ಹವಾಯಿ ಭಾಷೆಯನ್ನೇ ದೂಡಿತು. ಅದು ಅಧಿಕೃತ ಭಾಷೆಯ ಸ್ಥಾನ ಪಡೆಯಲು 1978ರವರೆಗೆ ಕಾಯಬೇಕಾಯಿತು.

ಈ ಎರಡು ಚರಿತ್ರೆಗಳನ್ನು ಒಟ್ಟಿಗೆ ಓದಿದಾಗ ತೀರ್ಮಾನ ಸ್ಪಷ್ಟವಾಗುತ್ತದೆ: ಧರ್ಮ ಜನರ ಹಾಡನ್ನು ಕಸಿದುಕೊಂಡಾಗ ಜನರೂ ಬಡವರಾಗುತ್ತಾರೆ, ಧರ್ಮವೂ ಪರಕೀಯವಾಗಿ ಉಳಿಯುತ್ತದೆ, ಆ ಹಾಡಿಗೆ ಶಿಷ್ಯನಾದಾಗ ಇಬ್ಬರೂ ಬೆಳೆಯುತ್ತಾರೆ. ಸೂರತ್ತಿನ ಆಂಗ್ಲ, ಡಚ್ ಮತ್ತು ಅರ್ಮೇನಿಯನ್ ಸಮಾಧಿಗಳು ಇಂದು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿವೆ, ಆದರೆ ಭಜನೆಗೆ ಅಂಥ ಕಾವಲು ಇಲ್ಲ. ಅದು ಹಾಡುವವರಿದ್ದರೆ ಮಾತ್ರ ಉಳಿಯುತ್ತದೆ. ಉದ್ಯೋಗಕ್ಕಾಗಿ ಸಚಿನ್, ಸೂರತ್, ವಡೋದರಾಗಳಿಗೆ ಹೋಗುವ ಕನ್ನಡಿಗರು ಒಂದು ಬೇಸಿಗೆಯ ರಜೆಯನ್ನು ಈ ಸಮಾಧಿಗಳನ್ನು ನೋಡಲು, ಈ ಭಜನೆಗಳನ್ನು ಕೇಳಲು ಮೀಸಲಿಡಲಿ; ಗುಜರಾತಿ ವ್ಯಾಕರಣದ ಚರಿತ್ರೆಯಲ್ಲಿ ಬಳ್ಳಾರಿಯ ಪಾಲೂ ಇದೆಯೆಂಬುದನ್ನು ಕನ್ನಡದ ಪಠ್ಯಗಳೂ ದಾಖಲಿಸಲಿ.