ಡಿಸ್ಕ್ ಬಿಚ್ಚಿದರೂ ತೆರೆಯದ ಕಡತ

"ಎಲ್ಲ ಕ್ಲೌಡ್‌ನಲ್ಲಿದೆಯಲ್ಲ ಸಾರ್, ಲ್ಯಾಪ್‌ಟಾಪ್ ಹೋದರೆ ಹೋಯ್ತು." ಈಚೆಗೆ ಅಂಗಡಿಗೆ ಬರುವ ಹುಡುಗರು ಹೀಗೆಂದು ನನ್ನ ಕಸುಬಿಗೆ ಎಳ್ಳುನೀರು ಬಿಡುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಆಸುಪಾಸಿನಲ್ಲಿ ಇಪ್ಪತ್ತೈದು ವರ್ಷದಿಂದ ಸತ್ತ ಯಂತ್ರದ ಕಡತಗಳನ್ನು ಬದುಕಿರುವ ಯಂತ್ರಕ್ಕೆ ದಾಟಿಸುತ್ತಿದ್ದೇನೆ. ಫೋಟೋಗಳ ಮಟ್ಟಿಗೆ ಆ ಮಾತು ನನಗೂ ಒಪ್ಪಿಗೆ. ಕನ್ನಡದಲ್ಲಿ ಟೈಪು ಮಾಡಿಟ್ಟುಕೊಂಡವರ ಮಟ್ಟಿಗೆ ಅಲ್ಲ. ಈ ಕಸುಬಿನ ಚರಿತ್ರೆ ಹೇಳುವವರು ತಂತಿ, ಡಿಸ್ಕುಗಳ ಕಥೆ ಹೇಳಿ ಕೈತೊಳೆದುಕೊಳ್ಳುತ್ತಾರೆ. ದಾಟಿ ಬಂದ ಕಡತದೊಳಗೆ ಓದಲು ಏನು ಉಳಿಯಿತು ಎಂದು ಕೇಳುವವರು ಕಡಿಮೆ.

ತಂತಿಯ ಕಾಲವನ್ನು ಬೇಗ ಮುಗಿಸುತ್ತೇನೆ. 1977ರಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಎಕ್ಸ್‌ಮೋಡೆಮ್ ಬರೆದರು: 128 ಬೈಟುಗಳ ತುಂಡು ಕಳಿಸು, ಲೆಕ್ಕ ತಾಳೆಯಾಗದಿದ್ದರೆ ಮತ್ತೆ ಕಳಿಸು. 1981ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕರ್ಮಿಟ್ ಹುಟ್ಟಿತು. ಅದಕ್ಕಿಟ್ಟದ್ದು ಟಿವಿಯ ಗೊಂಬೆ ಕಪ್ಪೆಯ ಹೆಸರು. 1983ರಲ್ಲಿ ಬಂದ ಲ್ಯಾಪ್‌ಲಿಂಕ್ ಎರಡು ಯಂತ್ರಗಳ ಬೆನ್ನಿಗೆ ಒಂದೇ ಕೇಬಲ್ ಸಿಕ್ಕಿಸಿ ಕೆಲಸ ಮುಗಿಸುತ್ತಿತ್ತು. 1993ರ ಎಂಎಸ್-ಡಾಸ್ 6ರಲ್ಲಿ ಆ ಸೌಕರ್ಯ ಪುಕ್ಕಟೆಯಾಗಿಯೇ ಬಂತು. ಮ್ಯಾಕಿನ 800 ಕೆ ಫ್ಲಾಪಿ ಮಾತ್ರ ಪಿಸಿಯೊಳಗೆ ಹೋಗುತ್ತಿತ್ತು, ಓದಿಸಿಕೊಳ್ಳುತ್ತಿರಲಿಲ್ಲ. ಹೊರಸುತ್ತಿಗೊಂದು ಒಳಸುತ್ತಿಗೊಂದು ವೇಗದಲ್ಲಿ ತಿರುಗಿಸಿ ಬರೆದದ್ದನ್ನು ಒಂದೇ ವೇಗದ ಪಿಸಿ ಡ್ರೈವ್ ಹೇಗೆ ಓದೀತು?

ಇವೆಲ್ಲಕ್ಕೂ ಒಂದು ಷರತ್ತು ಇತ್ತು. ಎರಡೂ ಯಂತ್ರಗಳು ಜೀವಂತವಾಗಿರಬೇಕು. ಕೆಟ್ಟ ಯಂತ್ರದ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ನಮ್ಮ ತಲೆಮಾರಿನವರು, ಅಂದರೆ ಬಿಚ್ಚುವ ಪಂಥದವರು. ಲ್ಯಾಪ್‌ಟಾಪ್ ಮಗುಚಿ ಹಾಕಿ, ಸ್ಕ್ರೂ ತೆಗೆದು, ಎರಡೂವರೆ ಇಂಚಿನ ಡಿಸ್ಕನ್ನು ಹೊರಗೆಳೆಯುತ್ತಿದ್ದೆವು. ಡೆಸ್ಕ್‌ಟಾಪಿನ ಐಡಿಇ ಕೇಬಲ್‌ಗೆ 40 ಪಿನ್ನು, ಲ್ಯಾಪ್‌ಟಾಪಿನದಕ್ಕೆ 44. ಕೂದಲಿನಂಥ ಪಿನ್ನುಗಳು, ಒಂದು ಬಗ್ಗಿದರೆ ಉಸಿರು ಬಿಗಿಹಿಡಿದು ಚಿಮಟದಲ್ಲಿ ನೆಟ್ಟಗೆ ಮಾಡಬೇಕು. ಆಮೇಲೆ ಸಾಟಾ ಬಂದು ಇಬ್ಬರಿಗೂ ಒಂದೇ ಬಾಯಿ ಕೊಟ್ಟಿತು. ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಕಿವಿಯ ಹತ್ತಿರ ಹಿಡಿದರೆ ಅರ್ಧ ರೋಗ ಗೊತ್ತಾಗುತ್ತಿತ್ತು. ಟಕ್ ಟಕ್ ಎಂದರೆ ಹೆಡ್ ಹೋಗಿದೆ, ಕೂಡಲೇ ಕರೆಂಟು ತೆಗೆಯಬೇಕು. ಅಂಥ ಡಿಸ್ಕನ್ನು ಫ್ರೀಜರಿನಲ್ಲಿಟ್ಟು ಬದುಕಿಸಿದೆ ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕೊನೆಗೆ ಆ ಡಿಸ್ಕುಗಳು ನೀರಿಳಿಸುತ್ತ ನಮ್ಮ ಬಳಿಗೇ ಬರುತ್ತವೆ.

ಈ ಪಂಥದ ಕುಲದೇವತೆ ನಾಪಿಕ್ಸ್. ಜರ್ಮನಿಯ ಕ್ಲಾಸ್ ನಾಪರ್ 2000ದಲ್ಲಿ ಹೊರತಂದ ಆ ಲಿನಕ್ಸ್ ಸೀಡಿಯಿಂದಲೇ ಯಂತ್ರವನ್ನು ಎಬ್ಬಿಸುತ್ತಿತ್ತು. ವಿಂಡೋಸ್ ಕುಸಿದು ಬಿದ್ದಿದ್ದರೂ ಚಿಂತೆಯಿಲ್ಲ. ಬೇರೆ ವಿಂಡೋಸ್‌ಗೆ ಡಿಸ್ಕ್ ಜೋಡಿಸಿದರೆ "ನಿಮಗೆ ಅನುಮತಿಯಿಲ್ಲ" ಎಂದು ಅದು ಬಾಗಿಲು ಹಾಕುತ್ತಿತ್ತು. ನಾಪಿಕ್ಸ್ ಯಾರಪ್ಪಣೆಯನ್ನೂ ಕೇಳದೆ ಒಳಗೆ ಹೋಗುತ್ತಿತ್ತು. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕಿಗೆ ಲಿನಕ್ಸಿನಿಂದ ನಂಬಿಕೆಯಿಂದ ಬರೆಯಲು ಮಾತ್ರ 2007ರ ಎನ್‌ಟಿಎಫ್‌ಎಸ್-3ಜಿವರೆಗೆ ಕಾಯಬೇಕಾಯಿತು. ಮ್ಯಾಕ್ ಆ ಡಿಸ್ಕುಗಳನ್ನು ಇವತ್ತಿಗೂ ಓದುತ್ತದೆ, ತಾನಾಗಿ ಬರೆಯುವುದಿಲ್ಲ. ಎಲ್ಲ ಮನೆಗೂ ಸಲ್ಲುತ್ತಿದ್ದದ್ದು ಫ್ಯಾಟ್32. ಆದರೆ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ. ಮದುವೆ ವಿಡಿಯೋದವರು ಅದಕ್ಕೆ ಹಾಕಿದ ಶಾಪ ನನ್ನ ಕಿವಿಯಲ್ಲಿನ್ನೂ ಇದೆ. ಅದನ್ನು ನೀಗುವ ಎಕ್ಸ್‌ಫ್ಯಾಟ್ 2006ರಲ್ಲೇ ಬಂದಿತ್ತು. ಮೈಕ್ರೋಸಾಫ್ಟ್ ಅದರ ಪೂರ್ಣ ವಿವರವನ್ನು ಲೋಕಕ್ಕೆ ತೆರೆದಿಟ್ಟದ್ದು 2019ರಲ್ಲಿ.

ಇನ್ನು ಕನ್ನಡಕ್ಕೆ ಬರೋಣ. 1998ರ ಹೊತ್ತಿಗೆ ಶೇಷಾದ್ರಿವಾಸು ಅವರ ಬರಹ, ಆಮೇಲೆ ಗಣಕ ಪರಿಷತ್ತಿನ ನುಡಿ. ಇವು ಬಾರದಿದ್ದರೆ ನಮ್ಮ ಎಷ್ಟು ಲೇಖಕರು ಕಂಪ್ಯೂಟರ್ ಮುಟ್ಟುತ್ತಿದ್ದರು ಎಂಬುದೇ ಅನುಮಾನ. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷಿನ ಮನೆಯಲ್ಲಿ ಬಾಡಿಗೆಗಿದ್ದವು. ನುಡಿಯಲ್ಲಿ ಟೈಪು ಮಾಡಿದ 'ಕನ್ನಡ' ಎಂಬ ಪದವನ್ನು ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆಯಿರಿ: ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನರ ಜೋಡಿ ಎಸ್, ಕ್ಯೂ, ಇನ್ನೊಮ್ಮೆ ಎ. ಯೂನಿಕೋಡಿನಲ್ಲಿ ಐದು ಸಂಕೇತ ಸಾಕಾಗುವ ಪದಕ್ಕೆ ಇಲ್ಲಿ ಏಳು, ಏಕೆಂದರೆ ತಲಕಟ್ಟಿಗೂ ಬೇರೆ ಜಾಗ ಬೇಕು. ಆ ತಲಕಟ್ಟು ಕೂತಿರುವುದು 192ನೇ ಮನೆಯಲ್ಲಿ. ಹಳೆಯ ಮ್ಯಾಕಿನ ಪಟ್ಟಿಯಲ್ಲಿ ಅದೇ ಮನೆಯಲ್ಲಿರುವುದು ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ! ಒಂದು ಬೈಟೂ ಕಳೆಯದೆ ಕಡತ ದಾಟಿದೆ, ಅಕ್ಷರಕ್ಕೊಂದು ಪ್ರಶ್ನೆ ಎದ್ದಿದೆ.

ಪರಿವರ್ತಕಗಳಿವೆಯಲ್ಲ ಎನ್ನಬಹುದು. ಇವೆ, ಒಳ್ಳೆಯವೂ ಇವೆ. ಕೆಲಸ ಮಾತ್ರ ಸಲೀಸಲ್ಲ. 'ಕರ್ನಾಟಕ'ದ ಅರ್ಕಾವೊತ್ತು ಕಣ್ಣಿಗೆ ಕಾಣುವುದು 'ನಾ' ಆದ ಮೇಲೆ, ಹಳೆಯ ಫಾಂಟಿನಲ್ಲಿ ಕೂರುವುದೂ ಅಲ್ಲೇ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಅಂದರೆ ರಕಾರ ಮೊದಲು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಕೂರಿಸಬೇಕು. ನಡುವೆ ಒಂದು ಇಂಗ್ಲಿಷ್ ಹೆಸರು ಬಂದರಂತೂ ಅದನ್ನೂ ಕನ್ನಡವೆಂದೇ ತಿಳಿದು ಅರೆದುಬಿಡುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಬಂತು. ಆದರೆ ನಮ್ಮ ಡಿಟಿಪಿಯವರ ಕೈ ಪಳಗಿದ್ದ ಪೇಜ್‌ಮೇಕರಿಗೆ ಯೂನಿಕೋಡಿನ ಗಂಧವಿರಲಿಲ್ಲ. ಪುಸ್ತಕಗಳು ಅದರಲ್ಲೇ ಪುಟ ಕಟ್ಟಿಕೊಂಡವು.

ಈಗಿನ ಕಾಲದ ಬಗ್ಗೆ ಹೆಚ್ಚು ಹೇಳಲಾರೆ, ಅಸೂಯೆ ಎಂದಾರು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಸ್ಟೋರೇಜ್ ಬೋರ್ಡಿಗೇ ಬೆಸುಗೆಯಾಗಿದೆ. ಬಿಚ್ಚಲು ಏನೂ ಇಲ್ಲ. 2018ರ ಮ್ಯಾಕ್‌ಬುಕ್ ಪ್ರೋಗಳಲ್ಲಿ ಸ್ಟೋರೇಜಿಗೆ ಬೀಗ ಹಾಕುವ ಟಿ2 ಚಿಪ್ ಸತ್ತರೆ ಬೀಗದ ಕೈಯೂ ಅದರೊಂದಿಗೇ ಹೋಯಿತು. ವಿಂಡೋಸಿನ ಬೀಗ ಬಿಟ್‌ಲಾಕರ್ 48 ಅಂಕಿಯ ಕೀ ಕೇಳುತ್ತದೆ; ಬಂದವರು ಅಂಥದ್ದೊಂದು ಇದೆಯೆಂದೇ ಕೇಳಿರುವುದಿಲ್ಲ. ಕಳ್ಳರಿಂದ ಇದು ಒಳ್ಳೆಯ ಕಾವಲು, ನಿಜ.

ಹಳೆಯ ಡಿಸ್ಕುಗಳು ಇನ್ನೂ ಬರುತ್ತಲೇ ಇವೆ. ಹೋದ ವರ್ಷ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಸೀಮೆಯ ಒಕ್ಕಲುತನದ ಪದಗಳ ಪಟ್ಟಿಯಿದ್ದ ಲ್ಯಾಪ್‌ಟಾಪ್ ತಂದರು. ಡಿಸ್ಕ್ ಗಟ್ಟಿಯಿತ್ತು, ನಲವತ್ತು ನಿಮಿಷದಲ್ಲಿ ಎಲ್ಲ ಹೊರಬಂತು. ಟೈಪು ಮಾಡಿದ್ದು ಬರಹವೂ ಅಲ್ಲ, ನುಡಿಯೂ ಅಲ್ಲ, ಊರಿನ ಪ್ರೆಸ್ಸೊಂದು ಕೊಟ್ಟಿದ್ದ ಫಾಂಟು. ಪ್ರೆಸ್ಸು ಮುಚ್ಚಿದೆ. ಅದರ ಯಾವ ಮನೆಯಲ್ಲಿ ಯಾವ ಅಕ್ಷರ ಎಂಬ ಪಟ್ಟಿ ಎಲ್ಲೂ ಸಿಗಲಿಲ್ಲ. ತಾಳೆಗರಿ ಕೂಡಿಡುವ ಸಂಸ್ಥೆಗಳು ನಮ್ಮಲ್ಲಿವೆ, ಇಂಥ ಪಟ್ಟಿಗಳನ್ನು ಕೂಡಿಟ್ಟ ಜಾಗವನ್ನು ನಾನಿನ್ನೂ ಕಂಡಿಲ್ಲ. ಅವರ ಬಳಿಯಿದ್ದ ಹನ್ನೆರಡು ಪುಟದ ಹಳೆಯ ಪ್ರಿಂಟನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಗುರುತನ್ನು ಅಕ್ಷರಕ್ಕೆ ಹೊಂದಿಸುತ್ತ ಹೋದೆ. ಪ್ರಿಂಟಿನಲ್ಲಿ ಕಾಣದ ಎರಡು ಗುರುತು ಉಳಿದಿವೆ. ಅವು ಬಂದಲ್ಲೆಲ್ಲ ಮೇಷ್ಟ್ರಿಗೆ ಫೋನು ಮಾಡುತ್ತೇನೆ. ಅಕ್ಕಪಕ್ಕದ ಪದ ಓದಿ ಹೇಳಿದರೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಞ ಇರಬೇಕು ಕಣಪ್ಪ" ಎನ್ನುತ್ತಾರೆ.