ಹೇಸರಗತ್ತೆಗಳಿಗಾಗಿ ಕೊರೆದ ದಾರಿ

ಇಟಲಿ ಅಂದ್ರೆ ರೋಮು, ವೆನಿಸ್ಸು ಅಂದ್ಕೊಂಡಿದ್ದ ನನ್ನನ್ನು ಗೆಳೆಯನೊಬ್ಬ ಪಸೂಬಿಯೋ ಬೆಟ್ಟಕ್ಕೆ ಎಳೆದುಕೊಂಡು ಹೋದ. “ಟಾರ್ಚು ಮರೀಬೇಡ” ಅಂದಿದ್ದ. ಹಾಡಹಗಲಲ್ಲಿ ಟಾರ್ಚು ಯಾಕಪ್ಪಾ ಅಂತ ನಕ್ಕಿದ್ದೆ. ಮೊದಲ ಸುರಂಗದೊಳಗೆ ಹೊಕ್ಕ ಮೇಲೆ ನಗು ನಿಂತಿತು.

ಒಟ್ಟು 52 ಸುರಂಗ. ಆರೂವರೆ ಕಿಲೋಮೀಟರ್ ದಾರಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಬಂಡೆಯೊಳಗೇ! ಇಪ್ಪತ್ತನೆಯದಂತೂ ತಿರುಪಿನ ಹಾಗೆ ಸುತ್ತಿಕೊಂಡು ಮೇಲೇರುತ್ತದೆ. ಹೊರಬಂದರೆ ಒಂದು ಪಕ್ಕ ಗೋಡೆಯಂಥ ಬಂಡೆ, ಇನ್ನೊಂದು ಪಕ್ಕ ಪ್ರಪಾತ.

ಇದನ್ನು ಚಾರಣಿಗರಿಗೆ ಅಂತ ಮಾಡಿದ್ದಲ್ಲ. ಮೊದಲ ಮಹಾಯುದ್ಧದಲ್ಲಿ ಈ ಬೆಟ್ಟದ ತುದಿಯಲ್ಲಿ ಇಟಲಿ ಮತ್ತು ಆಸ್ಟ್ರಿಯಾ-ಹಂಗರಿಯ ಸೈನಿಕರು ಎದುರುಬದುರು ಕೂತಿದ್ದರು. ಇಟಲಿಯವರಿಗೆ ಊಟ, ಮದ್ದುಗುಂಡು ಸಾಗಿಸುತ್ತಿದ್ದ ಹಳೇ ರಸ್ತೆ ಶತ್ರುವಿನ ಫಿರಂಗಿಗಳಿಗೆ ಕಾಣುತ್ತಿತ್ತು. ಅದಕ್ಕೇ 1917ರ ಫೆಬ್ರವರಿಯಿಂದ ನವೆಂಬರಿನೊಳಗೆ, ಕಣ್ಣಿಗೆ ಬೀಳದ ಮಗ್ಗುಲಲ್ಲಿ, ಹೊರೆ ಹೊತ್ತ ಹೇಸರಗತ್ತೆಗಳು ಹೋಗುವಷ್ಟು ಅಗಲಕ್ಕೆ ಸೈನಿಕರು ಬಂಡೆ ಕೊರೆದರು.

ಎದುರಾಳಿಗಳೂ ಕೊರೆಯುತ್ತಲೇ ಇದ್ದರು. 1918ರ ಮಾರ್ಚ್ 13ರಂದು ಅವರು ಇಟಲಿಯವರ ನೆಲೆಯ ಕೆಳಗೇ ಸುಮಾರು 50 ಟನ್ ಸ್ಫೋಟಕ ಸಿಡಿಸಿದರು. ಸಿಡಿದ ಬಂಡೆಗಳ ರಾಶಿ ಮೇಲೆ ಇನ್ನೂ ಬಿದ್ದಿದೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳೋಕೆ ಮನಸ್ಸಾಗಲಿಲ್ಲ.

ಇಳಿಯುವಾಗ ಆ ಹಳೇ ರಸ್ತೆಯನ್ನೇ ಹಿಡಿದೆವು. ಬಿಸಿಲು, ಹುಲ್ಲು, ದೂರದವರೆಗೆ ಬೆಟ್ಟದ ಸಾಲು. “ಎಷ್ಟು ಚೆನ್ನಾಗಿ ಕಾಣುತ್ತಲ್ಲ!” ಅಂದೆ. ಗೆಳೆಯ ಸುಮ್ಮನೆ ಅಂದ: “ಹೌದು, ಅಲ್ಲಿಂದ ನಾವೂ ಅಷ್ಟೇ ಚೆನ್ನಾಗಿ ಕಾಣ್ತೀವಿ.”